ಹಂಚದ ಲಾಭ

"ಲಾಭ ಕಂಪೆನಿ ಒಳಗೇ ಇದ್ರೆ ಟ್ಯಾಕ್ಸೇ ಇಲ್ಲ. ಮಾಲೀಕರು ಹೊರಗೆ ತೆಗೆದಾಗ ಮಾತ್ರ ಕಟ್ಟುದು. ಯುರೋಪಿನ ಒಂದು ದೇಶದಲ್ಲಿ ಅಂಥ ಕಾನೂನು ಉಂಟು ರಾಜೀವಿ. ಇಲ್ಲಿಗೂ ಬರ್ಬೇಕು," ಎಂದ ಯಾದವ.

ಟಾರ್ನೀಟ್‌ನ ಶೆಡ್ಡಿನಲ್ಲಿ ರಾಜೀವಿ ಗ್ರೈಂಡರಿನಿಂದ ಉದ್ದಿನ ಹಿಟ್ಟು ಬಳಿಯುತ್ತಿದ್ದಳು. ಊರು ಬಿಟ್ಟು ಬಂದ ಈ ಪರದೇಶದಲ್ಲಿ ಅಣ್ಣ ತಂಗಿ ಸೇರಿ ಕಟ್ಟಿದ ದೋಸೆಹಿಟ್ಟಿನ ಕಂಪೆನಿ. ಷೇರು ಇಬ್ಬರದೂ ಸಮ, ಡೈರೆಕ್ಟರ್ ಮಾತ್ರ ಅವನೊಬ್ಬನೇ, ಲಾಭ ಹಂಚುವ ತೀರ್ಮಾನವೂ ಅವನದೇ. ನಗರದ ಈ ತುದಿಯ ವೆರಿಬೀಯಿಂದ ಆ ತುದಿಯ ಕ್ಲೈಡ್ ನಾರ್ತ್‌ವರೆಗೆ ಇಂಡಿಯನ್ ಅಂಗಡಿಗಳ ಫ್ರಿಜ್ಜಿನಲ್ಲೆಲ್ಲ ಅವಳು ರುಬ್ಬಿದ ಹಿಟ್ಟು. ಅವಳ ಕೈಗೆ ಬರುವುದು ಬರೀ ಸಂಬಳ. ಈಗ ಬಾಡಿಗೆ ಮನೆಯ ಓನರ್ ಮನೆ ಮಾರುತ್ತೇನೆ, ಖಾಲಿ ಮಾಡಿ ಎಂದಿದ್ದ. ಸಣ್ಣದೊಂದು ಸ್ವಂತ ಮನೆ ಕೊಳ್ಳಲು ಮುಂಗಡ ಡೆಪಾಸಿಟ್ ಕಟ್ಟಬೇಕು, ನನ್ನ ಪಾಲಿನ ಲಾಭ ಕೊಡು ಎಂದು ಅವಳು ಕೇಳಿದ್ದಕ್ಕೆ ಈ ಯುರೋಪಿನ ಪುರಾಣ.

"ಆ ಕಾನೂನು ಬಂದ್ರೆ ನೀನು ಸಾಯುವವರೆಗೂ ಹಂಚುದಿಲ್ಲ. ಇಲ್ಲಿ ಕಂಪೆನಿ ಟ್ಯಾಕ್ಸ್ ಕಟ್ಟಿ ಆಗಿದೆ ಅಲ್ವಾ? ಇನ್ನೆಂತ ತೊಂದರೆ?"

"ಹಂಚಿದ್ರೆ ನನ್ನ ಪಾಲಿಗೆ ನಾನು ಮೇಲಿಂದ ಪುನಃ ಕಟ್ಬೇಕು ಮಾರಾಯ್ತಿ. ನನ್ನ ಟ್ಯಾಕ್ಸ್ ರೇಟ್ ಕಂಪೆನಿಯದ್ದಕ್ಕಿಂತ ಜಾಸ್ತಿ."

"ಹಂಚಿದ್ರೆ ನಿನಗೆ ಟ್ಯಾಕ್ಸ್. ಹಂಚದಿದ್ರೆ ನನಗೆ ಮನೆ ಇಲ್ಲ."

ಯಾದವ ದನಿ ಮೆದು ಮಾಡಿದ. "ಪಾಲು ಪಾಲು ಅಂತ ಎಂತಕ್ಕೆ ಹೇಳ್ತಿ? ನಮ್ಮದು ಅಳಿಯಕಟ್ಟಿನ ಕುಟುಂಬ. ಕುಟುಂಬದ ಆಸ್ತಿ ಒಡೆಯುವ ಕ್ರಮ ಉಂಟಾ? ಎಲ್ಲ ಯಜಮಾನ ನೋಡಿಕೊಳ್ತಾನೆ."

ರಾಜೀವಿ ಬಾಗಿಲಾಚೆ ನೋಡಿದಳು. ಕಂಪೆನಿ ದುಡ್ಡಿನಲ್ಲಿ ಅವನು ಕೊಂಡ ಹೊಸ ಕಾರು ಹೊರಗೆ ನಿಂತಿತ್ತು. ಕಂಪೆನಿ ಕೆಲಸಕ್ಕೆಂದೇ ತಂದದ್ದಂತೆ. ಹಿಟ್ಟಿನ ಒಂದು ಬಕೆಟ್ಟೂ ಇದುವರೆಗೆ ಅದನ್ನು ಹತ್ತಿರಲಿಲ್ಲ. ಅವಳು ಗ್ರೈಂಡರ್ ಆಫ್ ಮಾಡಿದಳು.

"ಅಳಿಯಕಟ್ಟಲ್ಲಿ ಆಸ್ತಿ ಯಾರದ್ದು ಅಣ್ಣ? ಹೆಂಗಸರದ್ದು. ತಂಗಿಯದ್ದು, ಅವಳ ಮಕ್ಕಳದ್ದು. ಯಜಮಾನ ಅಂದ್ರೆ ಅವರ ಪರವಾಗಿ ನೋಡಿಕೊಳ್ಳುವವ, ಅಷ್ಟೇ. ನಿನ್ನ ಹೆಂಡತಿ ಮಕ್ಕಳಿಗೆ ಅದರಲ್ಲಿ ಚಿಕ್ಕಾಸಿಲ್ಲ. ನಿನಗೆ ಆ ಕಟ್ಟೇ ಬೇಕಾದ್ರೆ ಆಗ್ಲಿ. ಮೊದಲು ಕಾರಿನ ಕೀ ಕೊಡು."

ಯಾದವ ನಕ್ಕ. ಅವಳು ನಗಲಿಲ್ಲ. ಹಿಟ್ಟು ಮೆತ್ತಿದ ಕೈಯನ್ನು ಹಾಗೇ ಅವನ ಮುಂದೆ ಚಾಚಿದಳು. ಒಂದು ಹನಿ ಅವನ ಬೂಟಿನ ಮೇಲೆ ಬಿತ್ತು. ಅವನು ಕಾಲು ಹಿಂದೆ ತೆಗೆಯಲಿಲ್ಲ. ಕೈ ಮಾತ್ರ ತಾನಾಗಿ ಹೋಗಿ ಪ್ಯಾಂಟಿನ ಜೇಬನ್ನು ಗಟ್ಟಿಯಾಗಿ ಮುಚ್ಚಿಕೊಂಡಿತು.