ಗೋವಿಂದನಹಳ್ಳಿಯ ರೀಲು

ಇವತ್ತೂ ಹೇಳದೆ ಹೋದರೆ ಇನ್ನು ಯಾರಿಗೆ ಹೇಳುವುದು? ಹೇಳಬೇಕಾಗಿದ್ದವನು ಜಗುಲಿಯ ಮೇಲೆ ಕಾಲ್ಬೆರಳು ಕಟ್ಟಿಸಿಕೊಂಡು ಮಲಗಿದ್ದಾನೆ. ಉಳಿದವಳು ಅವನ ಹೆಂಡತಿ. ಅವಳಿಗೆ ಹೇಳಿದರೆ ತನ್ನ ಎದೆಯೇನೋ ಹಗುರಾದೀತು, ಅವಳಿಗೇನು ಸಿಕ್ಕೀತು? ಸೋಮಯ್ಯ ಬಿದಿರಿಗೆ ಹಗ್ಗ ಸುತ್ತುತ್ತಿದ್ದವನು ಹಾಕಿದ ಗಂಟನ್ನೇ ಮತ್ತೊಮ್ಮೆ ಹಾಕಿದ.

"ಚಟ್ಟ ಕಟ್ತಾ ಇದ್ದೀಯೋ, ಚಕ್ರಕ್ಕೆ ಕಡ್ಡಿ ಏರುಸ್ತಾ ಇದ್ದೀಯೋ? ಸಾಕು ಬುಡ್ಲಾ, ಅವ್ನೇನು ಎದ್ದು ಓಡೋಗಲ್ಲ" ಎಂದ ಹೊನ್ನಪ್ಪ. ಸತ್ತ ಚೆಲುವಯ್ಯನಿಗೆ ದೊಡ್ಡಪ್ಪನ ಮಗನಾಗಬೇಕು. ಬಿಂಡಿಗನವಿಲೆಯಿಂದ ಮೊದಲ ಬಸ್ಸಿಗೇ ಬಂದಿದ್ದ.

ಸೋಮಯ್ಯನದು ಶ್ರೀರಂಗಪಟ್ಟಣದ ಪೇಟೆಬೀದಿಯಲ್ಲಿ ಸೈಕಲ್ ರಿಪೇರಿ ಅಂಗಡಿ. ಚೆಲುವಯ್ಯ ತಾಲ್ಲೂಕು ಕಚೇರಿಯ ಗುಮಾಸ್ತ. ವಾರವೆಲ್ಲ ಪಹಣಿ ನಕಲು ಮಾಡಿ, ತಿಂಗಳಿಗೊಂದು ಭಾನುವಾರ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಸೋಮಯ್ಯನನ್ನು ಎಬ್ಬಿಸಿ, ಸಿಕ್ಕಿದ ಬಸ್ಸು ಹತ್ತುವವನು. ತೆಗೆದದ್ದರಲ್ಲಿ ಅವನಿಗೆ ತೀರಾ ಇಷ್ಟವಾದವು ಎರಡೇ ಎರಡು. ಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದ್ದ. ಪಾಂಡವಪುರದ ಹತ್ತಿರ ಕಬ್ಬಿನ ಗಾಡಿಗಳ ಸಾಲು: ಗಾಡಿಯವನಿಗೆ ಗಾಢ ನಿದ್ದೆ, ಎತ್ತು ಮಾತ್ರ ಎಚ್ಚರವಾಗಿ ಇತ್ತ ನೋಡುತ್ತಿದೆ. ಇನ್ನೊಂದು ಬಿಂಡಿಗನವಿಲೆಯದು. ದೂಳು, ದೂಳಿನೊಳಗೆ ಕುರಿಗಳ ಬೆನ್ನು.

"ನನ್ ಕುರಿ ಗೋಡೆ ಮ್ಯಾಲವೆ, ನಾನಿಲ್ಲ" ಎಂದು ಹೊನ್ನಪ್ಪ ಬಾಗಿಲಿನಿಂದಲೇ ಬೆರಳು ಮಾಡಿ ತೋರಿಸಿದ. "ಮೂಲೇಲಿ ನನ್ ಕೋಲೊಂದು ಬಿದ್ದದೆ ನೋಡಿ. ಯಾಕ್ಲಾ ನನ್ನ ಬುಟ್ಟೆ ಅಂದ್ರೆ, ಕೋಲು ಕಂಡ್ರೆ ಇಂದ್ಗಡೆ ನೀ ನಡೀತಾ ಇರೋದು ಗೊತ್ತಾಯ್ತದಲ್ಲ ಅಂದ. ಪುಣ್ಯಾತ್ಮ."

ಹೆಂಗಸರು ಸೆರಗಿನಲ್ಲಿ ಮೂಗೊರೆಸಿಕೊಳ್ಳುತ್ತಲೇ ನಕ್ಕರು. ಚೆಲುವಯ್ಯನ ಹೆಂಡತಿ ಪ್ರೇಮಮ್ಮ ನಗಲಿಲ್ಲ.

"ಊರೋರ ಪಟವೆಲ್ಲಾ ತಗುದ್ರು. ಅತ್ತೆಮ್ಮಂದೊಂದು ಉಳೀಲಿಲ್ಲ. ರೀಲು ನಾನೇ ಸರಿಯಾಗಿ ಆಕಿರ್ಲಿಲ್ಲ, ನಂದೇ ತಪ್ಪು ಅಂತ ಕೇಳ್ದೋರ್ಗೆಲ್ಲಾ ಏಳೋರು" ಎಂದಳು.

ಸೋಮಯ್ಯ ತಲೆ ತಗ್ಗಿಸಿ ಹಗ್ಗದ ತುದಿ ಕತ್ತರಿಸಿದ.

* * *

ಅದು ಐವತ್ತೆಂಟನೆಯ ಇಸವಿ. ಚೆಲುವಯ್ಯನ ತಾಯಿ ತಿಮ್ಮಮ್ಮನನ್ನೂ ಕರೆದುಕೊಂಡು ಕೆ.ಆರ್. ಪೇಟೆಗೆ ಹೋಗಿ, ಅಲ್ಲಿಂದ ಗಾಡಿಯಲ್ಲಿ ಗೋವಿಂದನಹಳ್ಳಿಯ ಶಿವನ ಗುಡಿಗೆ ಹೋಗಿದ್ದರು. ಪಟ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆಂದು ವರ್ಷಗಳಿಂದ ಮುಖ ತಿರುಗಿಸುತ್ತಿದ್ದ ಮುದುಕಿ, ಐದು ಲಿಂಗಗಳಿಗೂ ಕೈಮುಗಿದು ಬಂದು ತಾನಾಗಿಯೇ ಮೆಟ್ಟಿಲ ಮೇಲೆ ಕೂತಳು.

"ತಗಿ ಮಗ. ಇನ್ನೆಷ್ಟು ಉಳಿದದೆ ಕಮ್ಮಿಯಾಗಕ್ಕೆ."

ಚೆಲುವಯ್ಯ ಒಂದಲ್ಲ, ನಾಲ್ಕು ತೆಗೆದ. ಆಮೇಲೆ ಕ್ಯಾಮೆರಾವನ್ನು ಸೋಮಯ್ಯನ ಕೈಗೆ ಕೊಟ್ಟು, ಅವ್ವನಿಗೆ ನೀರು ತರಲು ಬಾವಿಯ ಕಡೆ ಹೋದ. ಮುದುಕಿ ಕಂಬಕ್ಕೊರಗಿ ಕಣ್ಣು ಮುಚ್ಚಿದಳು. ಸೋಮಯ್ಯ ರೀಲು ಸುತ್ತುವ ಕೀಲಿಯನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದ. ಒಳಗೆ ಕರಕರ ಎಂದಿತು.

ಸದ್ದು ಮಾಡುವ ಯಾವುದನ್ನೂ ಅವನು ಬಿಚ್ಚಿ ನೋಡದೆ ಬಿಟ್ಟವನಲ್ಲ. ಸೈಕಲ್ಲಾದರೇನು, ಗಡಿಯಾರವಾದರೇನು. ಹಿಂದಿನ ಮುಚ್ಚಳ ತೆಗೆದ. ಸುರುಳಿ ಸಡಿಲಾಗಿ ಬಿಸಿಲಿಗೆ ಬಿಚ್ಚಿಕೊಂಡಿತು. ಹೆಬ್ಬೆರಳಿನಿಂದ ಒತ್ತಿ ಒತ್ತಿ ಸುತ್ತಿ ಮುಚ್ಚಿದ. ತಲೆಯೆತ್ತಿದರೆ ಚೆಲುವಯ್ಯ ಚೊಂಬು ಹಿಡಿದು ಬರುತ್ತಿದ್ದ.

"ಏನ್ಲಾ?"

"ಏನಿಲ್ಲ ಕಣ್ಲಾ."

ಬೆಳಕು ತಗುಲಿದರೆ ಎಲ್ಲವೂ ಹೋಗುತ್ತದೆಂದು ಸೋಮಯ್ಯನಿಗೆ ತಿಳಿದದ್ದು, ಮೈಸೂರಿನ ಸ್ಟುಡಿಯೋದಿಂದ ರೀಲು ಪೂರ್ತಿ ಕಪ್ಪಾಗಿ ಬಂದಾಗ. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಚೆಲುವಯ್ಯನೇ, "ನಾನೇ ಸರಿಯಾಗಿ ಆಕಿರ್ಲಿಲ್ಲ" ಎಂದುಬಿಟ್ಟ. ಆ ಸಂಕ್ರಾಂತಿಗೆ ಮೊದಲೇ ತಿಮ್ಮಮ್ಮ ತೀರಿಕೊಂಡಳು. ಆಮೇಲೆ ಹೇಳುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತ ಹೋಯಿತು.

* * *

ಹೊಳೆಯ ದಂಡೆಯಲ್ಲಿ ಎಲ್ಲ ಮುಗಿಸಿ, ಮಿಂದು, ಒದ್ದೆ ಬಟ್ಟೆಯಲ್ಲೇ ದೀಪ ನೋಡಲು ಬಂದರು. ಹೆಣ ಮಲಗಿಸಿದ್ದ ಜಾಗದಲ್ಲಿ ಹಣತೆ ಉರಿಯುತ್ತಿತ್ತು. ಹೊನ್ನಪ್ಪನೊಬ್ಬನನ್ನು ಬಿಟ್ಟು ಉಳಿದವರು ನೋಡಿ ಕೈಮುಗಿದು ಹೊರಟರು. ಸೋಮಯ್ಯ ನಿಂತ. ಈಗ ಹೇಳಿಬಿಡಬೇಕು.

"ಪ್ರೇಮಮ್ಮ, ಗೋವಿಂದನಳ್ಳೀಲಿ ಅವತ್ತು..."

"ಇದ್ಯಾಕೆ ಇಂಗೆ ಬಿಗ್ದವ್ನೆ?" ಹೊನ್ನಪ್ಪ ಗೂಡಿನಲ್ಲಿದ್ದ ಕ್ಯಾಮೆರಾವನ್ನು ಕೈಗೆತ್ತಿಕೊಂಡಿದ್ದ. ಅದರ ನಡುವಿಗೆ ಕಪ್ಪು ದಾರವನ್ನು ಮೂರು ಸುತ್ತು ಬಿಗಿದು ಗಂಟು ಹಾಕಿತ್ತು.

"ಮುಚ್ಚಳದ ಕೊಂಡಿ ಸಡ್ಲ ಅಂತಿದ್ದ" ಎಂದ ಸೋಮಯ್ಯ. "ಸರಿ ಮಾಡ್ಕೊಡ್ತೀನಿ ಕೊಡ್ಲಾ ಅಂತ ಎಷ್ಟು ಸಲ ಕೇಳಿದ್ರೂ ಕೊಡ್ಲಿಲ್ಲ."

"ಸಡ್ಲ ಎಲ್ಲದೆ ಸೋಮಣ್ಣ?" ಪ್ರೇಮಮ್ಮ ಗೋಡೆಗೊರಗಿದ್ದಲ್ಲಿಂದಲೇ ಅಂದಳು. "ಒಬ್ರೇ ಓಗುವಾಗ ದಾರ ಬಿಚ್ಚಿಟ್ಟು ಓಗೋರು. ನಿಮ್ ಜೊತೆ ಒಂಟ್ರೆ ಮಾತ್ರ ಬೆಳಗ್ಗೆ ಎದ್ದು ಕಟ್ಟೋರು. ಅದ್ಯಾಕೆ ಅಂತ ಕೇಳುದ್ರೆ, ಅವ್ನ ಕೈಗೆ ಕೊಡ್ಬೇಕಲ್ಲ, ಇರ್ಲಿ ಅಂತ ನಗೋರು. ಕಳೆದ ತಿಂಗ್ಳು ನಾಗಮಂಗಲಕ್ಕೆ ಓದ್ರಲ್ಲ ಇಬ್ರೂವೆ, ಆಗ ಕಟ್ಟಿದ್ದು ಅದು."

ಸೋಮಯ್ಯ ಕ್ಯಾಮೆರಾ ಇಸಿದುಕೊಂಡು ದೀಪದ ಬಳಿ ಕೂತ. ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ದಾರ ಕಳಚಿದ ಮೇಲೆ ಕೊಂಡಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಅದು ಹೊಸದರಂತೆ ಗಟ್ಟಿಯಾಗಿ ಕೂತಿತ್ತು.

"ಗೋವಿಂದನಳ್ಳೀಲಿ ಏನಣ್ಣ?" ಎಂದು ಪ್ರೇಮಮ್ಮ ಕೇಳಿದಳು.

"ಏನಿಲ್ಲ ಕಣವ್ವ. ಬಿಸ್ಲು ಜೋರಾಗಿತ್ತು."

ಹದಿನಾರು ವರ್ಷ ಚೆಲುವಯ್ಯ ಅವನೊಡನೆ ಊರೂರು ಸುತ್ತಿದ್ದ, ಒಂದೇ ಎಲೆಯಲ್ಲಿ ಉಂಡಿದ್ದ, ಕ್ಯಾಮೆರಾವನ್ನು ಪ್ರತಿ ಸಲವೂ ಅವನ ಕೈಗೇ ಕೊಟ್ಟಿದ್ದ. ಅವತ್ತು ನೀನು ಮುಚ್ಚಳ ತೆಗೆದದ್ದನ್ನು ನಾನು ನೋಡಿದೆ ಎಂದು ಮಾತ್ರ ಒಂದು ದಿನವೂ ಹೇಳಲಿಲ್ಲ.