ಬು ಜಾಸ್ತಿ, ರೆತ್ನೊ ಕಮ್ಮಿ

"ಕಣ್ಣು ಮುಚ್ಕೊಂಡು ನಿಂತ್ರೆ ಕಪ್ಪಗಿರೋದು ಬೆಳ್ಳಗಾಗುತ್ತೇನ್ಲೇ? ಬಿಡು ಕಣ್ಣು!"

ಜತ್ಮಿಕೊ ಕಣ್ಣು ಬಿಟ್ಟ. ಅವನು 'ಬು', ಅಂದರೆ ಅಮ್ಮ, ಎಂದು ಕರೆಯುವ ಭಾವೀ ಅತ್ತೆ ಬು ಪೊನಿಯೆಮ್, ಟ್ರೇಯ ಮುಚ್ಚಳವನ್ನು ಸೊಂಟಕ್ಕೆ ಆನಿಸಿಕೊಂಡು ನಿಂತಿದ್ದಳು. ಬೆಂದ ಸೋಯಾ ಕಾಳಿಗೆ ಹೆಪ್ಪು ಹಾಕಿ ಮುಚ್ಚಿಟ್ಟರೆ ಬಿಳಿ ಬೂಷ್ಟು ಹಬ್ಬಿ ಟೆಂಪೆ ಗಟ್ಟಿಯಾಗಬೇಕು. ಗಟ್ಟಿಯೇನೋ ಆಗಿತ್ತು. ಆದರೆ ಬಿಳುಪಿನ ತುಂಬ ಕಪ್ಪು ಎಸಳುಗಳು. ನಾಲ್ಕು ನಾಲ್ಕು ಕೂಡಿ ಸಾಲುಸಾಲಾಗಿ ಹೂವು. ಅವಳು ಉಟ್ಟಿದ್ದ ಬಾಟಿಕ್ ಪಂಚೆಯ ಮೇಲಿದ್ದ ಅದೇ ಕವುಂಗ್ ಹೂವು.

"ಟೆಂಪೆ ಮಾಡೋ ಅಂದ್ರೆ ನನ್ನ ಪಂಚೆ ಮಾಡಿದೀಯಲ್ಲೋ!"

ಮುಚ್ಚಳ ಅವನದೇ. ಮಲಾಂಗ್ ಊರಿನ ಆ ಓಣಿಯಲ್ಲಿ ಮನೆಮನೆಯಲ್ಲೂ ಟೆಂಪೆ, ಮನೆಮನೆಯಲ್ಲೂ ಹೆಂಗಸರು ಪ್ಲಾಸ್ಟಿಕ್ ಚೀಲಕ್ಕೆ ಮೊಳೆಯಿಂದ ತೂತು ಹಾಕುತ್ತ ಕೂರಬೇಕು. ಬೂಷ್ಟಿಗೂ ಉಸಿರು ಬೇಕಲ್ಲ. ಚುಚ್ಚಿ ಚುಚ್ಚಿ ಬು ಪೊನಿಯೆಮ್‌ಳ ಹೆಬ್ಬೆರಳು ಕಲ್ಲಾಗಿತ್ತು. ಅದನ್ನು ನೋಡಿ ರೇಗಿಯೇ ಜತ್ಮಿಕೊ ಕಂಪ್ಯೂಟರಿನಲ್ಲಿ ಮುಚ್ಚಳದ ಚಿತ್ರ ಬರೆದದ್ದು. ಒಂದರ ಮೇಲೊಂದು ಎರಡು ಪದರ, ಎರಡರಲ್ಲೂ ಅದೇ ತೂತು. ಮೇಲಿನದನ್ನು ಸರಿಸಿದರೆ ಗಾಳಿ ಹೆಚ್ಚು, ಕಡಿಮೆ. ಚಿತ್ರದಲ್ಲಿ ಒಂದು ಅಂಕಿ ತಿದ್ದಿದರೆ ಸಾಕು, ತೂತುಗಳೆಲ್ಲ ಒಟ್ಟಿಗೇ ಹಿಗ್ಗುತ್ತವೆ, ಕುಗ್ಗುತ್ತವೆ. ಆಮೇಲೆ ಅವನ ಮಷೀನು ಪ್ಲಾಸ್ಟಿಕ್ ಕರಗಿಸಿ ಎಳೆಎಳೆಯಾಗಿ ಅದನ್ನು ಕಟ್ಟುತ್ತದೆ. ದುಂಡಗಿನ ತೂತು ಸಾಕಿತ್ತು. ಅತ್ತೆ ಒಲಿಯಲೆಂದು ಇವನು ಕವುಂಗ್ ಹೂವಿಗೆ ಕೈ ಹಾಕಿದ.

ಮೊದಲು ಸಣ್ಣ ಡಬ್ಬಿಯಲ್ಲಿ ಹಾಲಿನಂತೆ ಬೆಳ್ಳಗಿನ ಟೆಂಪೆ ಬಂದಾಗ ಅವಳು ಅಂದಿದ್ದಳು: "ದೊಡ್ಡ ಟ್ರೇಲೂ ಹಿಂಗೇ ಬರ್ಲಿ. ಅದನ್ನೇ ತಗೊಂಡು ದಿನ ನೋಡೋ ಅಜ್ಜನ ಮನೆಗೆ ಹೋಗ್ತೀನಿ, ನಿಮ್ಮ ಮದುವೆಗೆ ದಿನ ಇಡಿಸ್ತೀನಿ. ಬರದಿದ್ರೆ ಇಲ್ಲ. ಗಾಳಿ ಮಾರೋನಿಗೆ ಸುಮ್ಮನೆ ಮಗಳನ್ನ ಕೊಡಕ್ಕಾಗಲ್ಲ."

ಈಗ ಜತ್ಮಿಕೊ ಲ್ಯಾಪ್‌ಟಾಪನ್ನು ಕಾಳಿನ ಮೂಟೆಯ ಮೇಲೆ ಕುಕ್ಕಿ ತೆರೆದ. ತಪ್ಪು ಕಣ್ಣಿಗೆ ಹೊಡೆಯುವಂತಿತ್ತು. ತೂತಿನ ಅಗಲವನ್ನು ಟ್ರೇಯ ಉದ್ದಕ್ಕೆ ಗಂಟು ಹಾಕಿ ಮರೆತಿದ್ದ. ಟ್ರೇ ಬೆಳೆಸಿದಾಗ ತೂತೂ ಬೆಳೆದಿತ್ತು; ಗಾಳಿ ಅತಿಯಾಗಿ ಬೂಷ್ಟು ಕಪ್ಪಿಟ್ಟಿತ್ತು.

"ಕತ್ತೆ! ಸ್ಕೂಲೂ ಮುಗಿಸಲಿಲ್ಲ, ಇದೂ ಬರಲಿಲ್ಲ!" ಎಂದು ತನಗೆ ತಾನೇ ಬೈದುಕೊಂಡು ಮುಚ್ಚಳ ಕಸಿದು ಎಸೆಯಲು ಕೈಯೆತ್ತಿದ.

"ಎಸೀರಿ, ಎಸೀರಿ," ಹಿತ್ತಲ ಬಾಗಿಲಲ್ಲಿ ಕಾಳು ತೊಳೆಯುತ್ತಿದ್ದ ಮಗಳು ರೆತ್ನೊ ತಲೆಯೆತ್ತದೆಯೇ ಅಂದಳು. "ಆಮೇಲೆ ಚರಂಡಿಯಿಂದ ಎತ್ಕೊಂಡು ಬರೋರೂ ನೀವೇ."

ಕೈ ಇಳಿಯಿತು. ಅಷ್ಟರಲ್ಲಿ ಬು ಪೊನಿಯೆಮ್ ಪರದೆಗೆ ಮೂಗು ತಾಗಿಸಿದ್ದಳು.

"ಇಲ್ಲಿ 'ಬು' ಅಂತ ಬರ್ದಿದೀಯ. ಯಾರದು? ನಾನಾ?"

ಅವನ ಕಿವಿ ಬಿಸಿಯಾಯಿತು. "ಅಂಕಿಗಳಿಗೆ ಒಂದೊಂದು ಹೆಸರಿಡ್ಬೇಕು ಬು. ರೆತ್ನೊ ಅಂದ್ರೆ ಗಾಳಿ ಬರೋ ಅಗಲ. ಬು ಅಂದ್ರೆ... ಎರಡು ತೂತಿನ ಮಧ್ಯೆ ಇರೋ ಗಟ್ಟಿ ಜಾಗ."

"ಅಂದ್ರೆ ಗಾಳಿಗೆ ಅಡ್ಡ ನಿಂತಿರೋ ಮುದುಕಿ!"

"ಅಯ್ಯೋ, ಅಡ್ಡ ಅಲ್ಲ! ಅದಿಲ್ದಿದ್ರೆ ಮುಚ್ಚಳನೇ ಇರಲ್ಲ ಬು."

ಅವಳು ಟೆಂಪೆ ನೋಡಿದಳು, ಪರದೆ ನೋಡಿದಳು. "ಈಗ ಗಾಳಿ ಜಾಸ್ತಿ ಆಗಿರೋದು ತಾನೇ?"

"ಹೂಂ."

"ಹಂಗಾದ್ರೆ ನನ್ನ ಜಾಸ್ತಿ ಮಾಡು, ಅವಳನ್ನ ಕಮ್ಮಿ ಮಾಡು. ಈ ಮನೇಲಿ ಅವಳದು ಅತಿಯಾಗಿದೆ."

ರೆತ್ನೊ ನಕ್ಕ ನಗೆಗೆ ಬುಟ್ಟಿಯ ಕಾಳು ಚೆಲ್ಲಿತು. ಜತ್ಮಿಕೊನೂ ನಕ್ಕ. ಹಳೆಯ ಗಂಟು ಬಿಡಿಸಿ ಲ್ಯಾಪ್‌ಟಾಪನ್ನು ಬು ಪೊನಿಯೆಮ್‌ಳ ಕಡೆ ತಿರುಗಿಸಿದ. "ಇದನ್ನ ಒತ್ತಿ. ನೀವೇ."

ಕಲ್ಲಿನಂಥ ಹೆಬ್ಬೆರಳು ಗುಂಡಿಯ ಮೇಲೆ ಕೂತಿತು. ಪರದೆಯ ಹೂಗಳೆಲ್ಲ ಒಟ್ಟಿಗೇ ಮುದುರಿದವು. ಅವಳು ಬೆಚ್ಚಿ ಕೈ ಹಿಂದೆಗೆದಳು. ಮತ್ತೆ ಒತ್ತಿದಳು, ಮತ್ತೆ ಒತ್ತಿದಳು.

"ಸಾಕು ಬು, ಉಸಿರು ಕಟ್ಟುತ್ತೆ!"

"ಇರೋ. ಇಷ್ಟು ವರ್ಷ ಒಂದೊಂದೇ ಚುಚ್ಚಿದೀನಿ."

ತೂತುಗಳು ಅಳತೆಗೆ ಬಂದ ಮೇಲೆ ಅವನು ಹೊಸ ಮುಚ್ಚಳಕ್ಕೆ ಮಷೀನು ಹಚ್ಚಿದ. ಬು ಪೊನಿಯೆಮ್ ಕಪ್ಪು ಟೆಂಪೆಯ ಒಂದು ಮೂಲೆ ಕೊಯ್ದು ಎಣ್ಣೆಗೆ ಬಿಟ್ಟಳು. ಬಾಯಿಗೆ ಹಾಕಿಕೊಂಡು ರುಚಿ ನೋಡಿ, ಹೂವು ಚೆನ್ನಾಗಿ ಮೂಡಿದ್ದ ದೊಡ್ಡ ತುಂಡನ್ನು ಬಾಳೆಲೆಯ ಮೇಲಿಟ್ಟುಕೊಂಡು ಚಪ್ಪಲಿ ಮೆಟ್ಟಿದಳು.

"ಬು, ಅದು ಬೆಳ್ಳಗಿಲ್ಲ..."

"ನನ್ನ ಪಂಚೆಗೆ ಹೊಂದುತ್ತೆ."

ಓಣಿಯ ತಿರುವಿನಲ್ಲಿ ನಿಂತು ಕೂಗಿದಳು: "ಲೇ! ಅಜ್ಜ ಕೇಳ್ತಾನೆ, ನೀನು ಹುಟ್ಟಿದ್ದು ಯಾವ ವಾರ?"

"ಬುಧವಾರ! ಸಂತೆ ಲೆಕ್ಕದಲ್ಲಿ ಪೊನ್ ದಿನ!" ಓಣಿಗೆಲ್ಲ ಕೇಳುವಂತೆ ಕೂಗಿದ ಅವನು.

ಒಳಗೆ ಮಷೀನು ಗುಂಯ್‌ಗುಡುತ್ತ ಮೊದಲನೆಯ ಎಸಳಿನ ಸುತ್ತ ತೆಳ್ಳನೆಯ ಗೆರೆ ಎಳೆಯುತ್ತಿತ್ತು.