ಬಿಡಿಸಿ ಹೇಳಿದ ಹೆಸರು

ಹೆಸರಿನ ಅರ್ಥವನ್ನಷ್ಟೇ ಹೇಳಿ ಉಳಿದದ್ದನ್ನು ನುಂಗಿಕೊಂಡರೆ ಅದು ಸುಳ್ಳಾಗುತ್ತದೆಯೇ? ನರ್ಸಿಂಗ್ ಕಾಲೇಜಿನಲ್ಲಿ ರೋಗಗಳ ಹೆಸರು ಒಡೆದು ಪಾಠ ಮಾಡುವ ಮೇಷ್ಟ್ರು ಎಂಬ ಸಲಿಗೆಯಿಂದ ಭಾವನನ್ನು ಪರೀಕ್ಷಿಸಿದ ಡಾಕ್ಟರು ಅವನೊಬ್ಬನನ್ನೇ ಹೊರಗೆ ಕರೆದಿದ್ದರು. ಇದಕ್ಕೆ ಮದ್ದಿಲ್ಲ, ಹೆಚ್ಚೆಂದರೆ ಎರಡು ವರ್ಷ, ಮನೆಯವರಿಗೆ ನೀವೇ ನಿಧಾನವಾಗಿ ತಿಳಿಸಿ ಎಂದಿದ್ದರು.

"ಏನೋ ಅದು, ನಾಲಿಗೆಗೇ ಹೊರಳಲ್ಲ. ಬಿಡಿಸಿ ಹೇಳೋ," ಎಂದಳು ಅಕ್ಕ, ಮನೆಗೆ ಬಂದು ಕೂರುವ ಮೊದಲೇ.

"ಅಮಯೋಟ್ರೋಫಿಕ್ ಲ್ಯಾಟರಲ್ ಸ್ಕ್ಲೆರೋಸಿಸ್." ತರಗತಿಯ ದನಿ ತಾನಾಗಿ ಬಂತು. "'ಅ' ಅಂದ್ರೆ ಇಲ್ಲ, ನಮ್ಮ ಅಶಾಂತಿಯಲ್ಲಿರೋ ಹಾಗೆ. 'ಮಯೋ' ಸ್ನಾಯು, 'ಟ್ರೋಫಿ' ಪೋಷಣೆ. ಇದೆಲ್ಲ ಗ್ರೀಕು. 'ಲ್ಯಾಟರಲ್' ಅಂದ್ರೆ ಪಕ್ಕದ್ದು, ಅದು ಲ್ಯಾಟಿನ್. ಬೆನ್ನುಹುರಿಯ ಪಕ್ಕ. 'ಸ್ಕ್ಲೆರೋಸಿಸ್' ಮತ್ತೆ ಗ್ರೀಕು, ಗಟ್ಟಿಯಾಗೋದು."

ಬಡಗಿ ಕೆಲಸದ ಭಾವ ನಕ್ಕರು. "ತೇಗದ ಬಾಗಿಲಿಗೆ ನಡುವೆ ಪ್ಲೈವುಡ್ ಪಟ್ಟಿ ಹೊಡೆದ ಹಾಗಾಯ್ತಲ್ಲ ಮೇಷ್ಟ್ರೇ! ನಾನು ಹೀಗೆ ಮಾಡಿದ್ರೆ ಗಿರಾಕಿ ಒದೀತಾನೆ." ಅವರ ಬಲಗೈ ತೊಡೆಯ ಮೇಲೆ ಬಿದ್ದುಕೊಂಡಿತ್ತು. ಹೆಬ್ಬೆರಳ ಬುಡದ ಮಾಂಸ ಕರಗಿ ಗುಳಿಬಿದ್ದಿತ್ತು. ಆ ಕೈ ಉಳಿ ಹಿಡಿಯದೆ ತಿಂಗಳುಗಳಾಗಿದ್ದವು.

"ಪೋಷಣೆ ಇಲ್ಲ!" ಅಕ್ಕ ಅಷ್ಟನ್ನೇ ಹಿಡಿದುಕೊಂಡಳು. "ಅಷ್ಟೇನಾ? ಹೊತ್ತಿಗೆ ಸರಿಯಾಗಿ ತಿನ್ನಿ ಅಂತ ಬಡಕೊಂಡೆ, ಕೇಳಿದ್ರಾ? ಇನ್ನು ನನ್ನ ಕೈಗೆ ಬಿಡಿ."

ತಿನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನಲು ಅವನು ಬಾಯಿ ತೆರೆದ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಪಾತ್ರೆ ಸದ್ದಾಯಿತು. ಎಷ್ಟೋ ದಿನಗಳ ಮೇಲೆ ಅಕ್ಕ ಏನನ್ನೋ ಗುನುಗುತ್ತಿದ್ದಳು. ಅವನು ಬಾಯಿ ಮುಚ್ಚಿದ.

ಮರುವರ್ಷ ರೋಗ ಗಂಟಲಿಗೆ ಏರಿತು. ಒಂದು ಮಧ್ಯಾಹ್ನ ಅವನು ಹೋದಾಗ ಅಕ್ಕ ಮೊಟ್ಟೆಯನ್ನು ಹಾಲಲ್ಲಿ ಕಿವುಚಿ ಚಮಚ ಹಿಡಿದಿದ್ದಳು. ಭಾವನಿಗೆ ಉಸಿರು ಕಟ್ಟುವಂಥ ಕೆಮ್ಮು. ಕಣ್ಣಲ್ಲಿ ನೀರು, ಗಲ್ಲದ ಮೇಲೆ ಹಾಲು.

"ಇನ್ನೊಂದೇ ಒಂದು ತುತ್ತು ರೀ. ಸ್ನಾಯುಗೆ ಬೇಕಲ್ವಾ? ನೀನಾದ್ರೂ ಹೇಳೋ!"

ಭಾವ ಅವಳ ಹೆಗಲ ಮೇಲಿಂದ ಅವನನ್ನು ನೋಡಿದರು, ತುಂಬ ಹೊತ್ತು. ಅವರಿಗೆ ಎಲ್ಲ ಗೊತ್ತಿದೆ ಎಂದು ಅವನಿಗೆ ಆಗ ತಿಳಿಯಿತು. ಆಮೇಲೆ ಅವರು ಹೆಂಡತಿಯ ಕಡೆ ತಿರುಗಿ ಚಮಚಕ್ಕೆ ಬಾಯಿ ತೆರೆದರು.

ಅವರು ಹೋದ ಮೇಲೆ, ಬಂದವರಿಗೆಲ್ಲ ಅಕ್ಕನದು ಒಂದೇ ಮಾತು. "ಕೊನೆಕೊನೆಗೆ ಸರಿಯಾಗಿ ತಿನ್ನಿಸೋಕಾಗ್ಲಿಲ್ಲ. ನನ್ನ ಕೈಯಲ್ಲೇ ಹೋದ್ರು." ಬಂದವರು ಅವಳ ಬೆನ್ನು ಸವರುತ್ತಿದ್ದರು. ಅವನು ಅವಳ ಪಕ್ಕದಲ್ಲೇ ಕೂತಿರುತ್ತಿದ್ದ.

ಮದ್ದಿಲ್ಲ ಎಂದು ಡಾಕ್ಟರು ಮೊದಲ ದಿನವೇ ಹೇಳಿದ್ದರೆಂಬುದನ್ನು ಅವನು ಅವಳಿಗೆ ಕೊನೆಗೂ ಹೇಳಲಿಲ್ಲ.